ಛತ್ರಿ ಕೆಳಗಿನ ಲೋಟ

ಟಣ್.

ತಾರಸಿ ಮೇಲೆ ಸ್ಟೀಲಿಗೆ ಸ್ಟೀಲು ತಾಗಿದ ಸದ್ದು. ರಾತ್ರಿ ಹನ್ನೊಂದೂವರೆ. ತೇಜಶ್ರೀ ಬರಿಗಾಲಲ್ಲೇ ಮೆಟ್ಟಿಲು ಹತ್ತಿದಳು. ಅವಳು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು; ಸದ್ಯಕ್ಕೆ ಅವಳ ಮಾನವೆಲ್ಲ ಮೇಲಿದ್ದ ಎರಡು ಲೋಟ ನೀರಿನಲ್ಲಿತ್ತು. ಬೆಳದಿಂಗಳು ನೀರನ್ನು ತಣ್ಣಗೆ ಮಾಡುತ್ತದೆ, ಮೊಬೈಲಿನಲ್ಲಿ ನೋಡಿದ್ದೇನೆ ಎಂದು ಒಂಬತ್ತನೇ ಕ್ಲಾಸಿನ ಶೋಭಿತಾ ಹಟ ಹಿಡಿದಿದ್ದಳು. ಅದೆಲ್ಲ ಸುಳ್ಳು, ಎರಡು ರಾತ್ರಿ ಅಳೆಯುತ್ತೇನೆ, ನನ್ನ ಮಾತು ತಪ್ಪಾದರೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಎಂದು ತೇಜಶ್ರೀ ನಾಲಿಗೆ ಜಾರಿ ಹೇಳಿಬಿಟ್ಟಿದ್ದಳು. ಒಂದು ಲೋಟ ಹುಣ್ಣಿಮೆಯ ಬೆಳಕಿಗೆ, ಇನ್ನೊಂದು ಛತ್ರಿಯ ಕೆಳಗೆ. ಮೊದಲ ರಾತ್ರಿ ಎರಡೂ ಹದಿನೆಂಟು ಡಿಗ್ರಿ. ಅವತ್ತು ಅವಳು ಪಾಠ ಮಾಡಿದ ಗತ್ತೇ ಬೇರೆ.

ಈಗ ನೋಡಿದರೆ ಅತ್ತೆ ದಾಕ್ಷಾಯಣಮ್ಮ ಬಯಲಿನ ಲೋಟದ ಮೇಲೆ ತಟ್ಟೆ ಮುಚ್ಚುತ್ತಿದ್ದಾರೆ.

"ತೆರ್ದಿಟ್ಟ ನೀರಿಗೆ ಹಲ್ಲಿ ಬಿದ್ದಾತು ಕಣವ್ವ. ನೆನ್ನೇನೂ ನಾನೇ ಮುಚ್ಚಿದ್ದು. ನೀನು ಏಳೋದ್ರೊಳಗೆ ತಗ್ದಿದ್ದೆ. ಓದಿರೋಳು, ಇಷ್ಟೂ ಗೊತ್ತಾಗಾಕಿಲ್ವಾ?"

ತೇಜಶ್ರೀ ತಟ್ಟೆ ತೆಗೆಸಿ ಬೆಳಗಿನವರೆಗೂ ಕಾವಲು ಕೂತಳು. ಬಯಲಿನ ಲೋಟ ಹದಿನಾರು, ಛತ್ರಿಯದು ಹದಿನೆಂಟು.

ಇದರಲ್ಲಿ ಚಂದ್ರನ ಪಾಲೇನೂ ಇಲ್ಲ, ಬಯಲಿಗಿಟ್ಟದ್ದರ ಕಾವು ಆಕಾಶಕ್ಕೆ ಹೋಗುತ್ತದೆ, ಛತ್ರಿಯೆಂದರೆ ಕಂಬಳಿ ಹೊದಿಸಿದ ಹಾಗೆ ಎಂದು ಅವಳಿಗೆ ಗೊತ್ತು. ಅದನ್ನು ತೋರಿಸಬೇಕಾದರೆ ಚಂದ್ರನಿಲ್ಲದ ರಾತ್ರಿಯಲ್ಲೂ ಅಳೆಯಬೇಕು. ಶೋಭಿತಾಳ ಹತ್ತಿರ ಹದಿನೈದು ದಿನ ವಾಯಿದೆ ಕೇಳಿದಳು. ಅಮಾವಾಸ್ಯೆಯ ದಿನ ಇದೆಲ್ಲ ಬೇಡವೆಂದು ಅತ್ತೆ ಗೋಗರೆದರು. ತೇಜಶ್ರೀ ಕೇಳಲಿಲ್ಲ. ತಲೆಗೆ ನೀರು ಹಾಕಿಕೊಂಡಿದ್ದವಳು ಕೂದಲು ಬಿಟ್ಟುಕೊಂಡೇ ಟಾರ್ಚ್ ಹಿಡಿದು ಲೋಟಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಂಟೆಗೊಮ್ಮೆ ಅಂಕಿಗಳನ್ನು ಗೊಣಗುತ್ತ ಬರೆದುಕೊಂಡಳು. ಚಂದ್ರನ ಸುಳಿವಿಲ್ಲ, ಆದರೂ ಬಯಲಿನ ಲೋಟ ಎರಡು ಡಿಗ್ರಿ ತಣ್ಣಗಿತ್ತು. ಗೆದ್ದಿದ್ದಳು.

ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಶೋಭಿತಾ ಸಿಕ್ಕಳು. ಮುಖ ಬಾಡಿತ್ತು.

"ರಾತ್ರಿ ನಮ್ಮಪ್ಪ ನಿಮ್ ಬೀದೀಲಿ ಬತ್ತಿದ್ರಂತೆ ಮಿಸ್. ಯಾವ್ದೋ ತಾರಸಿ ಮೇಲೆ ಒಬ್ಳು ಕೂದ್ಲು ಕೆದರ್ಕೊಂಡು, ಛತ್ರಿ ಮಡಗಿ, ಮಂತ್ರ ಹೇಳ್ತಾ ಮಾಟ ಮಾಡ್ತಿದ್ಲಂತೆ. ಅಪ್ಪಂಗೆ ಜ್ವರ ಬಂದ್ಬುಟ್ಟೈತೆ. ನೂರಾ ಎರಡು ಡಿಗ್ರಿ."

ತೇಜಶ್ರೀ ತನ್ನ ಜಡೆ ಮುಟ್ಟಿ ನೋಡಿಕೊಂಡಳು. ಬಿಗಿಯಾಗಿತ್ತು.

"ನಿಮ್ದು ಎಷ್ಟು ಬಂತು ಮಿಸ್?" ಎಂದಳು ಹುಡುಗಿ.

ಪ್ರಾರ್ಥನೆಯ ಹೊತ್ತಿಗೆ ತೇಜಶ್ರೀ ಮೈಕಿನ ಮುಂದೆ ನಿಂತು, ಹುಣ್ಣಿಮೆಯ ರಾತ್ರಿ ಬಯಲಿನ ಲೋಟವೇ ತಣ್ಣಗಿತ್ತು, ಶೋಭಿತಾ ಹೇಳಿದಂತೆಯೇ ಆಯಿತು ಎಂದು ಒಪ್ಪಿಕೊಂಡಳು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಅಮಾವಾಸ್ಯೆಯ ಅಂಕಿಗಳಿದ್ದ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟಾಗಿಸಿ, ಇದನ್ನು ಈ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿದಳು.