ಪದ್ದುವಿನ ಕ್ಷೀರವ್ರತ

ನನ್ನ ಅತ್ತೆ ಸರಸ್ವತಮ್ಮನವರಿಗೆ ಲೋಕದಲ್ಲಿ ಪ್ರೀತಿಯ ವಸ್ತುಗಳು ಎರಡೇ: ಬೆಳಗಿನ ಕಾಫಿ ಮತ್ತು ಪದ್ದು ಎಂಬ ಬೆಕ್ಕು. ಮಗ, ಸೊಸೆ ಎಲ್ಲ ಆಮೇಲೆ. ೧೯೮೪ರ ಆಷಾಢದಲ್ಲಿ ಪದ್ದುವಿನ ಹೊಟ್ಟೆ ಕೆಟ್ಟಿತು. ಕೊಯಮತ್ತೂರಿನ ನಮ್ಮ ಪುಟ್ಟ ಮನೆಯಲ್ಲಿ ಅದು ಗಲೀಜು ಮಾಡದ ಮೂಲೆ ಉಳಿಯಲಿಲ್ಲ. ಬಳಿಯುವವಳು ನಾನು, ಮೂಗು ಮುಚ್ಚಿಕೊಂಡು ರೇಗುವವರು ನನ್ನ ಗಂಡ.

ಅವರು ಪೆರಿಯನಾಯಕನಪಾಳ್ಯದ ಮಿಲ್ಲಿನಲ್ಲಿ ಸೂಪರ್‌ವೈಸರ್. ಒಂದು ದಿನ ಅಲ್ಲಿಂದ ಗೋಣಿಚೀಲ ತಂದು ಬಾಗಿಲ ಹಿಂದೆ ನೇತುಹಾಕಿದರು.

"ದೀಪಾವಳಿ ತನಕ ನೋಡ್ತೀನಮ್ಮ. ನಿಲ್ಲಲಿಲ್ಲಾಂದ್ರೆ ಮಿಲ್ ಬಸ್ಸಲ್ಲಿ ಕೊಂಡೋಗಿ ಹತ್ತಿ ಗೋಡೌನ್ ಹತ್ರ ಬಿಟ್ಬಿಟ್ಟು ಬರ್ತೀನಿ."

ಅತ್ತೆಯ ಕಾಫಿ ಲೋಟದಲ್ಲೇ ಆರಿತು. ಬಳಿದು ಬಳಿದು ಸಾಕಾಗಿದ್ದ ನನಗೂ ಅಯ್ಯೋ ಅನ್ನಿಸಿತು.

ಇಬ್ಬರೂ ಬುಟ್ಟಿಯಲ್ಲಿ ಪದ್ದುವನ್ನು ದನದ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಸೋಮಸುಂದರಂ ಅದು ಏನು ತಿನ್ನುತ್ತದೆ ಎಂದು ಕೇಳಿದರು. ನಾವು ತಿನ್ನುವುದೇ, ಹುಳಿಯನ್ನ, ಮೊಸರನ್ನ, ಹಾಲು ಎಂದೆ.

"ಒಣ್ಣು ಒಣ್ಣಾ ನಿಪ್ಪಾಟ್ಟಿ ಪಾರುಂಗಮ್ಮಾ," ಎಂದರು. ಒಂದೊಂದೇ ಪದಾರ್ಥ ನಿಲ್ಲಿಸಿ ನೋಡಬೇಕಂತೆ.

ಅತ್ತೆಯ ಮುಖ ಅರಳಿತು. "ಇದಕ್ಯಾಕೆ ಡಾಕ್ಟರು? ನಮ್ಮ ಚಾತುರ್ಮಾಸ್ಯ ಅದೇ ತಾನೇ!"

ನಿಜ. ವ್ರತದ ನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಮೊದಲು ತರಕಾರಿ ಬಿಡುತ್ತೇವೆ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆ. ದ್ವಾದಶಿಯ ದಿನ ಅತ್ತೆ ಪದ್ದುವನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಅಕ್ಷತೆ ಹಾಕಿ, ಸಂಕಲ್ಪ ಮಾಡಿಸಿದರು. ಪದ್ದು ಅಕ್ಷತೆಯನ್ನು ಕೊಡವಿ ನೆಕ್ಕಿತು.

ತರಕಾರಿ ಬಿಟ್ಟಿತು, ಭೇದಿ ಬಿಡಲಿಲ್ಲ. ಮೊಸರು ಬಿಟ್ಟಿತು, ಆಗಲೂ ಅದೇ ಕಥೆ. ನನ್ನ ಗಂಡ ಚೀಲವನ್ನು ಬಿಸಿಲಿಗೆ ಹಾಕಿ ಒಣಗಿಸಿದರು. ಮೂರನೆಯ ತಿಂಗಳು ಮನೆಗೆ ಹಾಲು ಬರುವುದು ನಿಂತಿತು. ನಾಲ್ಕನೆಯ ದಿನಕ್ಕೆ ಪದ್ದುವಿನ ಹೊಟ್ಟೆ ಸರಿಹೋಯಿತು. ಹೊರಗೆ ಹಲ್ಲಿ ತಿಂದು ಬಂದರೂ ಏನೂ ಆಗಲಿಲ್ಲ.

"ಪೂರ್ವಜನ್ಮದ ಪುಣ್ಯಾತ್ಮೆ," ಎಂದು ಅತ್ತೆ ಕಣ್ಣೊರೆಸಿಕೊಂಡರು. ಅಕ್ಕಪಕ್ಕದ ಮಾಮಿಯರು ಬಂದು ಬೆಕ್ಕಿಗೆ ಕೈಮುಗಿದು ಹೋದರು. ಒಬ್ಬರು ಕುಂಕುಮ ಇಟ್ಟರು.

ತಿಂಗಳು ಮುಗಿದ ದಿನ ಅತ್ತೆ ಪುಣ್ಯಾತ್ಮೆಗೆ ಪಾರಣೆಯೆಂದು ಬಟ್ಟಲು ತುಂಬ ಗಟ್ಟಿ ಹಾಲು ಇಟ್ಟರು. ಸಂಜೆಯೊಳಗೆ ಪದ್ದು ನನ್ನ ಗಂಡನ ಮಡಿ ಪಂಚೆಯನ್ನೇ ಹುಡುಕಿಕೊಂಡು ಹೋಗಿ ಕೂತಿತು. ಅವರು ಚೀಲ ತೆಗೆದರು.

"ನಿಲ್ಲಿ! ಎಲ್ಲಾ ಹಾಲಿಂದ್ಲೇ ಆಗಿದ್ದು," ಎಂದು ನಾನು ಅಡ್ಡ ನಿಂತೆ. "ಅದಕ್ಕೆ ಹಾಲು ಬೇಡ, ಅಷ್ಟೇ."

"ಅದು ನೋಡ್ತಾ ಇರ್ವಾಗ ನಾವು ಮಾತ್ರ ಕುಡಿಯೋದಾ, ಭಾಮಾ?" ಎಂದರು ಅತ್ತೆ. "ನೋಡ್ತಾ ಇರೋರಿಗೆ ಕೊಡದೆ ತಿಂದ್ರೆ ದಕ್ಕಲ್ಲ." ಮಗನತ್ತ ತಿರುಗಿ ಹೇಳಿದರು: "ಹಂಗಾದ್ರೆ ನನಗೂ ಹಾಲು ಬೇಡ. ಆ ಚೀಲ ಒಳಗಿಡು, ರಾಮು."

ಎಪ್ಪತ್ತು ವರ್ಷದ ನಾಲಿಗೆ ಅಂದಿನಿಂದ ಕಾಫಿ ಬಿಟ್ಟಿತು. ನನ್ನ ಗಂಡ ಬಿಡುವವರಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ; ನಮ್ಮ ಮನೆಯಲ್ಲಿ ಯಜಮಾನರು ಬಚ್ಚಲಿನ ಬಾಗಿಲು ಮುಚ್ಚಿ ಕಾಫಿ ಕುಡಿಯತೊಡಗಿದರು. ಮಿಲ್ಲಿನ ಮ್ಯಾನೇಜರು ಮನೆಗೆ ಬಂದಾಗ ಅವರನ್ನೂ ಅಲ್ಲಿಗೇ ಕರೆದೊಯ್ದು ಚಿಲಕ ಹಾಕಿಕೊಂಡರು. ಮ್ಯಾನೇಜರು ಮತ್ತೆ ಬರಲಿಲ್ಲ.

ದೀಪಾವಳಿಯ ಬೆಳಿಗ್ಗೆ ಬಚ್ಚಲಿನಿಂದ ಕಾಫಿ ಸುರಿದ ಸದ್ದಾಯಿತು. ಎಣ್ಣೆ ಹಚ್ಚಿಕೊಂಡ ಮೈಯಲ್ಲೇ ಇವರು ಖಾಲಿ ಲೋಟ ಹಿಡಿದು ಹೊರಬಂದರು.

"ಏನಾಯ್ತು?" ಎಂದೆ.

ಅವರು ಬಚ್ಚಲಿನ ಪುಟ್ಟ ಕಿಟಕಿಯತ್ತ ಕೈ ತೋರಿಸಿದರು. ಸರಳುಗಳ ನಡುವೆ ಪದ್ದುವಿನ ಮುಖ ಇತ್ತು.

"ನೋಡ್ಬಿಟ್ಟಳು," ಎಂದರು.