ಕೋಟಿನ ಮೇಲೆ ಹಿಡಿದ ಟೇಪು

ದರ್ಜಿಯ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿದರೆ ದೀಪ ಮಂಕಾಗುತ್ತಿತ್ತು. ಜೊತೆಗೆ ಗೀಸರ್ ಹಾಕಿದರೆ, ಕರೆಂಟು ಮಿತಿ ಮೀರಿದಾಗ ತಾನೇ ಕಡಿಯುವ ಬೋರ್ಡಿನ ಎಂಸಿಬಿ ಸ್ವಿಚ್ಚೇ ಬೀಳುತ್ತಿತ್ತು. ಹಿಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಕೂರಿಸಿದ ಮೇಲಂತೂ ಈ ಕಾಟ ವಿಪರೀತವಾಯಿತು. ಅದಕ್ಕೆ ಅವನೇ ಮದ್ದು ಕಂಡುಹಿಡಿದ. ಇಪ್ಪತ್ತೈದು ಆಂಪ್ಸ್ ಎಂಸಿಬಿ ತೆಗೆಸಿ ಅರವತ್ತಮೂರರದ್ದು ಹಾಕಿಸಿದ. ಆಮೇಲೆ ಅದು ಬೀಳಲಿಲ್ಲ. ಪೀಡೆ ತೊಲಗಿತು ಅಂದುಕೊಂಡ, ಪುಣ್ಯಾತ್ಮ.

ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ವಿದ್ಯುತ್ ತಪಾಸಣೆಯವರು ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ಹೆಚ್ಚಿನ ಲೋಡು ಮಂಜೂರು. ಶಾಲೆಯ ಸಮವಸ್ತ್ರದ ಆರ್ಡರು ಅದನ್ನೇ ಕಾಯುತ್ತಿತ್ತು. ಒಮ್ಮೆ ಕಣ್ಣಾಡಿಸಲೆಂದು ಹನ್ನೊಂದಕ್ಕೇ ತಂಗಿಯನ್ನು ಕರೆಸಿದ್ದ. ಅವಳು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಅಣ್ಣನ ಕಣ್ಣಿಗೆ ಮಾತ್ರ ಇನ್ನೂ ಸೂಜಿಗೆ ದಾರ ಪೋಣಿಸಲು ಬಾರದ ಹುಡುಗಿ.

ಮೀಟರಿನಿಂದ ಬೋರ್ಡಿಗೆ ಯಾವ ಕೇಬಲ್ ಎಳೆಸಿದ್ದೀಯ ಎಂದು ಅವಳು ಮೊದಲು ಕೇಳಿದಳು. ಹೆಬ್ಬೆರಳಿನಷ್ಟು ದಪ್ಪದ್ದು, ನಾನೇ ಕೈಯಲ್ಲಿ ಹಿಡಿದು ನೋಡಿ ತಂದದ್ದು ಎಂದ. ಅವಳು ಬೋರ್ಡಿನ ಬಳಿ ಕೇಬಲ್ ಮೇಲೆ ಅಚ್ಚಾಗಿದ್ದ ಅಳತೆಯನ್ನು ಟಾರ್ಚ್ ಹಿಡಿದು ಓದಿದಳು.

"ಅಣ್ಣ, ಗಿರಾಕಿ ದಪ್ಪ ಕೋಟು ಹಾಕ್ಕೊಂಡು ಬಂದ್ರೆ ಅದರ ಮೇಲೇ ಟೇಪು ಹಿಡೀತೀಯಾ?"

"ನನಗೇನು ತಲೆ ಕೆಟ್ಟಿದ್ಯಾ?"

"ಮತ್ತೆ ಇದಕ್ಯಾಕೆ ಹಾಗೆ ಹಿಡಿದೆ? ಹೊರಗಿನದು ಬರೀ ಕೋಟು. ಕರೆಂಟು ಹರಿಯೋದು ಒಳಗಿನ ತಾಮ್ರದಲ್ಲಿ. ಅದು ನಾಲ್ಕೇ ಚದರ ಮಿಲಿಮೀಟರು."

ಇಸ್ತ್ರಿ, ಗೀಸರ್, ಕರೆಂಟಿನ ಒಲೆ, ಹೊಲಿಗೆ ಯಂತ್ರ ಎಲ್ಲ ಕೂಡಿಸಿದಳು. ಒಟ್ಟಿಗೆ ಹಾಕಿದರೆ ನಲವತ್ತು ಆಂಪ್ಸ್ ದಾಟುತ್ತಿತ್ತು. ಗೋಡೆಯೊಳಗಿನ ಈ ತಂತಿ ತಡೆಯುವುದು ಮೂವತ್ತರ ಒಳಗೆ. ಹಳೆಯ ಎಂಸಿಬಿ ಬೀಳುತ್ತಿದ್ದದ್ದು ತಂತಿಯನ್ನು ಉಳಿಸಲಿಕ್ಕೆ. ಎಚ್ಚರಿಸುತ್ತಿದ್ದವನ ಬಾಯಿಯನ್ನೇ ನೀನು ಹೊಲಿದುಬಿಟ್ಟೆ ಎಂದಳು.

ದರ್ಜಿ ಗಡಿಯಾರ ನೋಡಿದ. ಗೋಡೆಯ ಒಳಗಿನದು ಯಾರಿಗೆ ಕಾಣುತ್ತೆ, ಇವತ್ತು ಸಹಿ ಆಗಲಿ, ನಾಳೆ ಬದಲಾಯಿಸೋಣ ಎಂದು ಗೋಗರೆದ. ಬೆಂಕಿ ಬಿದ್ದಾಗ ಬಾವಿ ತೋಡುತ್ತೀಯಾ ಎಂದು ಅವಳು ಸಿಡುಕುತ್ತಿದ್ದಾಗಲೇ ನಡುಕೋಣೆಯಿಂದ ತಾಯಿ ಕರೆದರು. ಮೇಲೇಳಲಾಗದೆ ಮಲಗಿದ್ದ ಜೀವ ಅದು.

"ಮಗಾ, ಮಂಚ ಇನ್ನೊಂಚೂರು ಗೋಡೆ ಕಡೆ ಸರಿಸಪ್ಪಾ. ಈ ಗೋಡೆ ಬೆಚ್ಚಗಿದೆ, ಬೆನ್ನಿಗೆ ಹಿತ."

ಆ ವಾರದಲ್ಲಿ ಎರಡು ಸಲ ಮಂಚವನ್ನು ಅವನೇ ಸರಿಸಿದ್ದ. ಕೇಬಲ್ ಹೋಗಿದ್ದದ್ದು ಅದೇ ಗೋಡೆಯಲ್ಲಿ. ಗೋಡೆ ಕಾಯಿಸುತ್ತಿದ್ದದ್ದು ಅದೇ. ತಂಗಿ ಆಗಲೇ ಮೀಟರಿನತ್ತ ಓಡಿ ಮೇನ್ ಸ್ವಿಚ್ ಇಳಿಸಿದ್ದಳು. ಹಿಂದಿನ ಕೋಣೆಯ ಯಂತ್ರಗಳು ಒಮ್ಮೆಲೇ ನಿಂತವು. ಅವನು ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಹೊರಗೆ ತಂದ.

ತಂಗಿ ಗಾರೆ ಒಡೆದು ನೋಡಿದರೆ ಕೇಬಲ್ ಹೋಗಿದ್ದ ಪೈಪು ಮೆತ್ತಗಾಗಿ ಜಗ್ಗಿತ್ತು. ಒಳಗೆ ತಂತಿಯ ಹೊದಿಕೆ ಕಪ್ಪಾಗಿ, ಉಗುರು ತಾಗಿದರೆ ಉದುರುತ್ತಿತ್ತು. ಸರಿಯಾಗಿ ತಾಯಿಯ ಬೆನ್ನಿನ ಎತ್ತರದಲ್ಲಿ.

ಹನ್ನೆರಡಕ್ಕೆ ತಪಾಸಣೆಯವರು ಬಂದರು, ಒಡೆದ ಗೋಡೆ ನೋಡಿದರು, ಸಹಿ ಹಾಕದೆ ಹೋದರು. ತಂಗಿ ಹದಿನಾರು ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದಳು, ಜೊತೆಗೆ ತಕ್ಕ ಅರ್ಥ್ ತಂತಿ, ಐವತ್ತರ ಎಂಸಿಬಿ. ಮೂರನೆಯ ದಿನ ಅವರು ಮತ್ತೆ ಬಂದು ಕೇಬಲ್ ಮೇಲಿನ ಅಚ್ಚು, ಎಂಸಿಬಿಯ ಅಂಕಿ, ಲೋಡಿನ ಪಟ್ಟಿ ತಾಳೆ ನೋಡಿ ಸಹಿ ಹಾಕಿದರು.

ಸಂಜೆ ತಾಯಿ ಗೊಣಗಿದರು, "ಗೋಡೆ ತಣ್ಣಗಾಯ್ತಲ್ಲೋ."

"ತಣ್ಣಗೇ ಇರಲಿ ಅಮ್ಮಾ," ಎಂದು ದರ್ಜಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಎಂಸಿಬಿ ಪದೇ ಪದೇ ಬೀಳುತ್ತಿದೆಯೇ? ದೊಡ್ಡದು ಹಾಕಿಸಬೇಡಿ. ಲೈಸೆನ್ಸ್ ಇರುವವರನ್ನು ಕರೆಸಿ, ಲೋಡು ಲೆಕ್ಕ ಹಾಕಿಸಿ, ಕೇಬಲನ್ನು ಒಳಗಿನ ತಾಮ್ರದಿಂದ ಅಳೆಸಿ. ಕೇಬಲ್ ಹೋದ ಗೋಡೆ ಬೆಚ್ಚಗಿದ್ದರೆ ಮೊದಲು ಮೇನ್ ಇಳಿಸಿ. ಆ ಗೋಡೆಗೆ ಯಾರನ್ನೂ ಒರಗಿಸಬೇಡಿ.