ಚೀಟಿ ಹಾರಿದ ಹನ್ನೊಂದು ತಟ್ಟೆ

ಹೊಸ ಪರೀಕ್ಷಕಿ ಮಾಡಿದ್ದು ಇಷ್ಟೇ: ಸೆಕೆ ತಡೆಯಲಾರದೆ ಫ್ಯಾನ್ ಹಾಕಿದಳು. ಬೇರೆ ಕಚೇರಿಯಾಗಿದ್ದರೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಆದರೆ ಇದು ಮಣ್ಣು ಪರೀಕ್ಷಾ ಕೇಂದ್ರದ ಒಣಗಿಸುವ ಕೋಣೆ. ಹನ್ನೊಂದು ಹೊಲಗಳ ಮಣ್ಣು ಹನ್ನೊಂದು ತಟ್ಟೆಗಳಲ್ಲಿ ಆರುತ್ತಿತ್ತು. ಒಂದೊಂದರ ಮೇಲೂ ರೈತರ ಹೆಸರು, ಹೊಲದ ಗುರುತು ಬರೆದ ಚೀಟಿ. ಫ್ಯಾನ್ ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಅಷ್ಟೂ ಚೀಟಿಗಳು ಎದ್ದು ಕಿಟಕಿಯ ಮೂಲೆ ಸೇರಿದವು. ತಟ್ಟೆಗಳಿಗೆ ನಂಬರು ಬರೆಸಬೇಕೆಂದು ತಂದಿದ್ದ ಬಣ್ಣದ ಡಬ್ಬಿ ಕಪಾಟಿನಲ್ಲಿ ಮುಚ್ಚಳ ತೆಗೆಯದೆ ಕೂತಿತ್ತು.

ಅವಳು ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ. ಸಾಲದ್ದಕ್ಕೆ ಆ ಹನ್ನೊಂದರಲ್ಲಿ ನಿಂಬೆ ಅಮ್ಮನ ಮಣ್ಣೂ ಇತ್ತು. ಆಕೆ ಮೂರು ಸಲ ಬಂದು, ನನ್ನ ಹೊಲಕ್ಕೆ ನಿಂಬೆ ಬರುತ್ತದೋ ಇಲ್ಲವೋ ಹೇಳಿ ಎಂದು ಕೇಳಿಹೋಗಿದ್ದಳು. ಆ ಹೆಸರು ಬಿದ್ದದ್ದೂ ಹಾಗೆಯೇ. ಇನ್ನೂರು ಗುಂಡಿ ತೋಡಿಸಿಟ್ಟು, ವರದಿ ಕೈಗೆ ಬಂದರೆ ಮೊದಲ ಮಳೆಗೇ ಸಸಿ ಇಡಲು ಕಾಯುತ್ತಿದ್ದಳು. ವರ್ಷಕ್ಕೆ ಬೆರಳಲ್ಲಿ ಎಣಿಸುವಷ್ಟೇ ಮಳೆ ಬೀಳುವ ಸೀಮೆ ಅದು. ಉಪ್ಪು ಕೂತ ಸವಳು ಮಣ್ಣಿಗೆ ನಿಂಬೆ ಇಟ್ಟರೆ ಎರಡು ವರ್ಷ ಹಸಿರಾಗಿ ಆಸೆ ಹುಟ್ಟಿಸಿ, ಮೂರನೇ ವರ್ಷ ಎಲೆಯಂಚು ಸುಟ್ಟುಕೊಂಡು ಒಣಗುತ್ತದೆ.

ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಅವಳಿಗೆ ಬಂತು, ಸುಳ್ಳೇಕೆ. ಚೀಟಿ ಆಯ್ದು, ನಿಂಬೆ ಅಮ್ಮನದನ್ನು ಕಿಟಕಿ ಪಕ್ಕದ ಕೆಂಪು ಮಣ್ಣಿನ ಮೇಲೆ ಅಂದಾಜಿನಲ್ಲಿ ಇಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಜರಡಿಯಣ್ಣ ನಿಂತಿದ್ದರು.

ಮೂವತ್ತೊಂದು ವರ್ಷದಿಂದ ಅಲ್ಲಿ ಮಣ್ಣು ಕುಟ್ಟಿ ಜರಡಿ ಹಿಡಿದವರು ಅವರು. ಫ್ಯಾನ್ ನೋಡಿದರು, ಅವಳ ಕೈಯಲ್ಲಿದ್ದ ಚೀಟಿಗಳನ್ನು ನೋಡಿದರು. ಬೈಯಲಿಲ್ಲ. ಫ್ಯಾನ್ ಆರಿಸಿ, ಒಂದು ಲೋಟ ನೀರು ತರಿಸಿಕೊಂಡು, ಚೀಟಿಗಳನ್ನೆಲ್ಲ ನೀವೇ ಇಟ್ಟುಕೊಳ್ಳಿ, ನನಗೆ ತೋರಿಸಬೇಡಿ ಎಂದರು.

ತಟ್ಟೆಯ ಮೇಲಿಟ್ಟಿದ್ದ ಚೀಟಿಯನ್ನೂ ತೆಗೆದುಕೊಂಡು, ಆಮೇಲೆ ನಡೆದದ್ದನ್ನು ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಒಂದು ಚಿಟಿಕೆ ಮಣ್ಣಿಗೆ ಎರಡು ಹನಿ ನೀರು ಹಾಕಿ ಬೆರಳುಗಳ ನಡುವೆ ಹೊಸೆದರು. ಅದು ಮುರಿಯದೆ ದಾರವಾಯಿತು. ಇದು ಕೆರೆ ಹಿಂದಿನ ಎರೆಮಣ್ಣು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಆದರೆ ಒಂದು ಮಳೆ ಕುಡಿದರೆ ತಿಂಗಳೊಪ್ಪತ್ತು ತೇವ ಬಿಡದು ಎಂದರು. ಅವಳ ಕೈಯಲ್ಲಿ ಕೆರೆ ಹಿಂದಿನ ಹೊಲದ ಚೀಟಿ ಇತ್ತು. ಮುಂದಿನದು ಬೆರಳಲ್ಲಿ ನಿಲ್ಲದೆ ಉದುರಿತು. ಗುಡ್ಡದ ಬುಡದ್ದು, ನೀರು ನಿಲ್ಲದಿದ್ದರೂ ಬೇರಿಗೆ ಅಡ್ಡಿಯಿಲ್ಲ, ಪುಣ್ಯವಂತರ ಮಣ್ಣು ಎಂದು ಅದರ ಪರ ವಹಿಸಿ ಮಾತಾಡಿದರು. ಸುಣ್ಣಕಲ್ಲಿನ ಹೊಲದ್ದನ್ನು ಮೂಸಿಯೇ ಹೇಳಿದರು. ಎಲ್ಲವೂ ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುವ ಹಳೆಯ ಗುರುತಿನವು, ನೆಂಟರ ಮಕ್ಕಳಿದ್ದ ಹಾಗೆ. ಒಂಬತ್ತಕ್ಕೆ ಒಂಬತ್ತೂ ಸರಿ. ಕಾಲೇಜಿನಲ್ಲಿ ಐದು ವರ್ಷ ಕಲಿತದ್ದು ಈ ಹತ್ತು ಬೆರಳಿನ ಮುಂದೆ ಏನೂ ಅಲ್ಲ ಎನ್ನಿಸಿ, ಅವಳಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು.

ಉಳಿದದ್ದು ಎರಡು: ನಿಂಬೆ ಅಮ್ಮನದು, ಆಕೆಯ ಮೈದುನನದು. ಅಕ್ಕಪಕ್ಕದ ಹೊಲಗಳು, ಎರಡೂ ಕೆಂಪು, ಎರಡೂ ಕೇಂದ್ರಕ್ಕೆ ಬಂದದ್ದು ಇದೇ ಮೊದಲು. ಜರಡಿಯಣ್ಣ ಎರಡನ್ನೂ ನಾಲಿಗೆಯ ತುದಿಗೆ ಹಚ್ಚಿ, ಉಗಿದು, ಬಾಯಿ ಮುಕ್ಕಳಿಸಿ ಮತ್ತೆ ಹಚ್ಚಿದರು.

"ಒಂದ್ರಲ್ಲಿ ಉಪ್ಪಿದೆ, ಮೇಡಂ. ಅದು ಯಾರ ಹೊಲದ್ದು ಅಂತ ನಂಗೊತ್ತಿಲ್ಲ."

ಉಪ್ಪು ಎಷ್ಟಿದೆ ಎಂದು ಅವಳ ಯಂತ್ರವೂ ಹೇಳುತ್ತಿತ್ತು, ಯಾರದೆಂದು ಹೇಳುತ್ತಿರಲಿಲ್ಲ. ಒಂಬತ್ತರಲ್ಲಿ ಒಂದೂ ತಪ್ಪದವರು, ಅಂದಾಜಿನಲ್ಲಿ ಹೇಳಿಬಿಡಿ ಎಂದು ಅವಳು ಅಂಗಲಾಚಿದಳು.

"ಗೊತ್ತಿರೋದನ್ನ ಹೇಳ್ದೆ. ಗೊತ್ತಿಲ್ಲದ್ದಕ್ಕೂ ಬಾಯಿ ಹಾಕಿದ್ರೆ ಆ ಒಂಬತ್ತಕ್ಕೂ ಬೆಲೆ ಇರಲ್ಲ."

ಅವಳು ಫೋನೆತ್ತಿ ನಿಂಬೆ ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು: ತಪ್ಪು ನನ್ನದು, ಫ್ಯಾನ್ ಹಾಕಿದೆ. ನಾಳೆ ಬಿಸಿಲೇರುವ ಮೊದಲು ಬನ್ನಿ, ಗುದ್ದಲಿ ನಮ್ಮಲ್ಲೇ ಇದೆ ಎಂಬ ಉತ್ತರ ಬಂತು.

ಮರುದಿನ ಬೆಳಿಗ್ಗೆ ನಿಂಬೆ ಅಮ್ಮನ ಹೊಲದಲ್ಲಿ, ಬಾಯಿ ತೆರೆದು ಕಾಯುತ್ತಿದ್ದ ಗುಂಡಿಗಳ ನಡುವೆ, ಜರಡಿಯಣ್ಣ ಮೊಳದಾಳದಿಂದ ಒಂದು ಹಿಡಿ ಮಣ್ಣು ತೆಗೆದರು. ಆದರೆ ಬಾಯಿಗೆ ಒಯ್ಯಲಿಲ್ಲ, ಅವಳ ಮುಂದೆ ಹಿಡಿದರು. ಅವಳು ಹಿಂದೆಂದೂ ಮಣ್ಣು ನಾಲಿಗೆಗೆ ಹಚ್ಚಿದವಳಲ್ಲ. ಮೊದಲು ಬರೀ ಮಣ್ಣು, ಮಳೆಯ ವಾಸನೆ. ಆಮೇಲೆ ನಾಲಿಗೆಯ ಅಂಚಿಗೆ ಸಣ್ಣಗೆ ಚುರುಕು ಹತ್ತಿತು.

"ಉಪ್ಪು," ಎಂದಳು.

ನಿಂಬೆ ಅಮ್ಮ ಗುಂಡಿಗಳ ಕಡೆ ನೋಡಿದಳು. ಜರಡಿಯಣ್ಣ ಮೆತ್ತಗೆ, ನಿಂಬೆ ಬೇಡಮ್ಮ, ದಾಳಿಂಬೆಯಾದರೆ ಇಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ, ಗುಂಡಿ ದಂಡವಾಗುವುದಿಲ್ಲ ಎಂದರು. ಆಕೆ, ಸಸಿ ಇನ್ನೂ ತಂದಿರಲಿಲ್ಲ ಬಿಡಿ ಎಂದಳು.

ಕೇಂದ್ರಕ್ಕೆ ಮರಳಿದವಳೇ ಪರೀಕ್ಷಕಿ ಕಿಟಕಿ ಪಕ್ಕದ ತಟ್ಟೆಯಿಂದ, ತಾನು ನಿನ್ನೆ ಅಂದಾಜಿನಲ್ಲಿ ಚೀಟಿ ಇಟ್ಟಿದ್ದ ಆ ಮಣ್ಣಿನಿಂದ, ಒಂದು ಚಿಟಿಕೆ ನಾಲಿಗೆಗೆ ಹಚ್ಚಿದಳು. ಸಪ್ಪೆಯಾಗಿತ್ತು. ನಿಂಬೆ ಅಮ್ಮನ ಚೀಟಿಯನ್ನು ಇನ್ನೊಂದು ಕೆಂಪು ಮಣ್ಣಿನ ತಟ್ಟೆಗೆ ಇಟ್ಟು, ಮೈದುನನದನ್ನು ಇದರ ಮೇಲಿಟ್ಟಳು. ಜರಡಿಯಣ್ಣ ಏನೂ ಕೇಳದೆ ಕಪಾಟಿನಿಂದ ಬಣ್ಣದ ಡಬ್ಬಿ ತಂದು ಅವಳ ಮುಂದಿಟ್ಟು, ಮುಚ್ಚಳ ತೆಗೆದರು.